ಈಟಿಬಂದೂಕು: ಬಲವನ್ನು ಹೆಚ್ಚಿಸುವ ಮುನ್ನ

ಮೆಡಿಟರೇನಿಯನ್ ಸಮುದ್ರತೀರದಲ್ಲಿ ಉಸಿರು ಬಿಗಿಹಿಡಿದು ಮುಳುಗಿ, ಈಟಿಬಂದೂಕಿನಿಂದ ಮೀನನ್ನು ಬೇಟೆಯಾಡುವುದು ಬಹುಜನಪ್ರಿಯವಾದ ಕ್ರೀಡೆ. ಹೊಸಬನೊಬ್ಬನು ಬಿಟ್ಟ ಈಟಿಯು ಮೀನನ್ನು ಮುಟ್ಟದೆಯೇ ಸೋತು ನಿಂತಿತೆನ್ನೋಣ. ‘ಬಂದೂಕಿಗೆ ಬಲ ಸಾಲದು, ಮತ್ತೊಂದು ರಬ್ಬರು ಪಟ್ಟಿಯನ್ನು ಕಟ್ಟಬೇಕು’ ಎಂದು ಅವನು ನಿಶ್ಚಯಿಸುತ್ತಾನೆ. ಈ ನಿಶ್ಚಯವು ಸರಿಯೆ? ಪರೀಕ್ಷಿಸಿ ನೋಡೋಣ.

ಈ ಬಂದೂಕಿನಲ್ಲಿ ಮದ್ದುಗುಂಡುಗಳಿಲ್ಲ. ಎಳೆದು ಬಿಗಿದ ರಬ್ಬರಿನಲ್ಲಿ ಅಡಗಿರುವ ಶಕ್ತಿಯೇ ಈಟಿಯ ಚಲನಶಕ್ತಿಯಾಗುತ್ತದೆ. ಒಂದು ಪಟ್ಟಿಯ ಬದಲು ಎರಡನ್ನು ಕಟ್ಟಿದರೆ ಶಕ್ತಿಯು ಹೆಚ್ಚೆಂದರೆ ಇಮ್ಮಡಿಯಾಗಬಹುದು. ಆದರೆ ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗವು 1.41 ಮಡಿ ಮಾತ್ರ ಆಗುತ್ತದೆ.

ಇನ್ನು ನೀರಿನ ತಡೆ. ಇದೂ ಸುಮಾರಾಗಿ ವೇಗದ ವರ್ಗದಂತೆ ಏರುತ್ತದೆ. ಹೀಗಿರುವಾಗ ಈಟಿಯು ಸಮಾನ ದೂರಗಳನ್ನು ಕ್ರಮಿಸಿದಂತೆಲ್ಲ ಅದರ ವೇಗವು ಅರ್ಧರ್ಧವಾಗುತ್ತ ಹೋಗುವುದೆಂದು ಗಣಿತದಿಂದ ತಿಳಿಯುತ್ತದೆ. ಎಣಿಕೆಗಾಗಿ ಆ ದೂರವನ್ನು 4 ಮೀಟರು ಎಂದಿಟ್ಟುಕೊಳ್ಳೋಣ. ಆಗ ಇಮ್ಮಡಿ ಶಕ್ತಿಯಿಂದ ಹೊರಟ ಈಟಿಯು ಕೇವಲ 2 ಮೀಟರು ಸಾಗುವಷ್ಟರಲ್ಲಿ ಹಳೆಯ ವೇಗಕ್ಕೇ ಇಳಿದಿರುತ್ತದೆ. ಹೆಚ್ಚಿನ ಶ್ರಮದ ಫಲ ಇಷ್ಟೇ!

ನ್ಯೂಟನ್ನನ ಮೂರನೆಯ ನಿಯಮವೂ ಸುಮ್ಮನಿರುವುದಿಲ್ಲ. ಈಟಿಯ ಸಂವೇಗ ಹೆಚ್ಚಿದಷ್ಟೂ ಬಂದೂಕು ಹಿಂದಕ್ಕೆ ಒದೆಯುವುದೂ ಹೆಚ್ಚುತ್ತದೆ, ಗುರಿ ಕದಲುತ್ತದೆ. ಆದುದರಿಂದ ಪಟ್ಟಿಗಳನ್ನು ಹೆಚ್ಚಿಸುವವನು ಬಂದೂಕಿನ ತೂಕವನ್ನೂ ಹೆಚ್ಚಿಸಬೇಕಾಗುತ್ತದೆ.

ಈಟಿಯನ್ನು ದಪ್ಪಗೊಳಿಸುವುದು ಇನ್ನೊಂದು ಮಾರ್ಗ. 6.5 ಮಿಲಿಮೀಟರ್ ವ್ಯಾಸದ, 1.3 ಮೀಟರ್ ಉದ್ದದ ಉಕ್ಕಿನ ಈಟಿಯು ಸುಮಾರು 340 ಗ್ರಾಂ ತೂಗುತ್ತದೆ. 7 ಮಿಲಿಮೀಟರಿನದು ಸುಮಾರು 390 ಗ್ರಾಂ. ವ್ಯಾಸದೊಡನೆ ಮೈಯ ಘರ್ಷಣೆ ಸುಮಾರು ನೂರಕ್ಕೆ 8ರಷ್ಟು ಏರಿದರೆ, ತೂಕವು ನೂರಕ್ಕೆ 16ರಷ್ಟು ಏರುತ್ತದೆ. ದಪ್ಪ ಈಟಿಯು ನಿಧಾನವಾಗಿ ಹೊರಟರೂ ತನ್ನ ವೇಗವನ್ನು ಹೆಚ್ಚು ದೂರ ಉಳಿಸಿಕೊಳ್ಳುತ್ತದೆ.

ಆದರೆ ನಮ್ಮ ಹೊಸಬನು ತಪ್ಪಿದುದು ಬಹುಶಃ ಬೇರೆಡೆಯಲ್ಲಿ. ಅವನ ಮುಖವಾಡದ ಗಾಜಿನ ಹೊರಗೆ ನೀರು, ಒಳಗೆ ಗಾಳಿ. ನೀರಿನ ವಕ್ರೀಭವನಾಂಕವು 1.33 ಆದುದರಿಂದ, ನೇರ ಎದುರಿಗೆ 4 ಮೀಟರು ದೂರದಲ್ಲಿರುವ ಮೀನು 3 ಮೀಟರಿನಲ್ಲಿರುವಂತೆ ಕಾಣುತ್ತದೆ. ಬಿಂದಿಗೆಯ ತಳವು ನೀರು ತುಂಬಿದಾಗ ಮೇಲೆದ್ದಂತೆ ತೋರುವುದಿಲ್ಲವೆ? ಇದೂ ಅದೇ. ಸೋತದ್ದು ಬಂದೂಕಲ್ಲ, ಕಣ್ಣಿನ ಅಂದಾಜು. ಅಳತೆಯ ಹಗ್ಗವೊಂದನ್ನು ನೀರಿನಲ್ಲಿ ಚಾಚಿ ದೂರವನ್ನು ಅಭ್ಯಾಸ ಮಾಡುವುದೇ ಅವನ ಮೊದಲನೆಯ ಸುಧಾರಣೆ. ಅದಕ್ಕೆ ಖರ್ಚೂ ಇಲ್ಲ.

ಆಯ್ಕೆಯ ಸೂತ್ರವೂ ಇದರಿಂದಲೇ ಹೊರಡುತ್ತದೆ. ಕದಡಿದ ನೀರಿನಲ್ಲಿ, ಬಂಡೆಗಳ ಸಂದಿಯಲ್ಲಿ ಸುಮಾರು 75 ಸೆಂಟಿಮೀಟರಿನ ಗಿಡ್ಡ ಬಂದೂಕು ಸಾಕು. ದೂರ ಕಾಣದಿರುವಲ್ಲಿ ದೂರದ ಹೊಡೆತವೇಕೆ? ತಿಳಿಯಾದ ತೆರೆದ ನೀರಿನಲ್ಲಿ 110 ಸೆಂಟಿಮೀಟರು ಅಥವಾ ಅದಕ್ಕೂ ಉದ್ದದ್ದು ಯೋಗ್ಯ. ಬಿಸಿಲಿಗೆ ಸೀಳುಬಿಟ್ಟ ರಬ್ಬರನ್ನು ಮಾತ್ರ ಕೂಡಲೇ ಬದಲಿಸಬೇಕು.

ಕೊನೆಯದಾಗಿ ಎರಡು ಮಾತು. ನೀರಿನ ತಡೆಯಿಲ್ಲದ ಗಾಳಿಯಲ್ಲಿ ಈಟಿಯು ಮಾರಕಾಸ್ತ್ರ. ನೀರಿನ ಹೊರಗೆ ಬಂದೂಕನ್ನು ಬಿಗಿಯಲೇಬಾರದು. ಉಸಿರು ಹಿಡಿದು ಮುಳುಗುವವನು ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ಮೇಲಿನಿಂದ ಕಾಯುವ ಸಂಗಾತಿಯಿಲ್ಲದೆ ಮುಳುಗಬಾರದು. ಯಾವ ರಬ್ಬರು ಪಟ್ಟಿಯೂ ಆ ಸಂಗಾತಿಯ ಸ್ಥಾನವನ್ನು ತುಂಬಲಾರದು.