ಕಾದಂಬರಿಗೆ ಮೊದಲೇ ನಕ್ಷೆ ಬೇಕೆ?

ಪ್ರಶ್ನೆ: ಮೂರು ತಲೆಮಾರಿನ ಒಂದು ರೈತ ಕುಟುಂಬದ ಕಾದಂಬರಿ ಬರೆಯುವ ಆಸೆ. ಎಲ್ಲ ಅಧ್ಯಾಯಗಳನ್ನೂ ಮೊದಲೇ ಗೊತ್ತುಮಾಡಿಕೊಂಡು ಕೂರಬೇಕೋ, ಬರೆಯುತ್ತ ಹೋದರೆ ದಾರಿ ತಾನಾಗಿ ಕಾಣುತ್ತದೋ?
– ಓದುಗರೊಬ್ಬರು, ತಿಪಟೂರು

ಉತ್ತರ: ಕಥೆ ಎಲ್ಲಿ ಮುಗಿಯುತ್ತದೆಂದು ಗೊತ್ತಿಲ್ಲದಿದ್ದರೂ ನಡೆದೀತು. ಅಜ್ಜಿ ಹುಟ್ಟಿದ ವರ್ಷ ಮಾತ್ರ ಗೊತ್ತಿರಲೇಬೇಕು.

ಟಾಲ್‌ಸ್ಟಾಯ್ ಬರೆಯಹೊರಟದ್ದು, ರಷ್ಯಾದ 1825ರ ದಂಗೆಯಲ್ಲಿ ಸೇರಿ ಗಡಿಪಾರಾಗಿ 1856ರಲ್ಲಿ ಊರಿಗೆ ಮರಳುವ ಒಬ್ಬನ ಕಥೆಯನ್ನು. ಅವನನ್ನು ಅರಿಯಲು ದಂಗೆಯ ಕಾಲಕ್ಕೆ ಹೋದರು, ಅಲ್ಲಿಂದ ಅವನ ಯೌವನಕ್ಕೆ, ಅಂದರೆ ನೆಪೋಲಿಯನ್ ದಂಡೆತ್ತಿ ಬಂದ 1812ಕ್ಕೆ, ಕೊನೆಗೆ 1805ಕ್ಕೆ. ಹೀಗೆ ಹಿಂದಕ್ಕೆ ಸರಿದು ಸರಿದು ಹುಟ್ಟಿದ್ದು ‘ಯುದ್ಧ ಮತ್ತು ಶಾಂತಿ’. ಮೊದಲು ಅಂದುಕೊಂಡ ಕಾದಂಬರಿ ಮುಗಿಯಲೇ ಇಲ್ಲ. ಆದರೆ ಎಲ್ಲಿ ಅಗೆಯಬೇಕೆಂದು ತೋರಿಸಿದ್ದು ಆ ಮುರಿದ ಯೋಜನೆಯೇ.

ತಯಾರಿ ಎಂದರೆ ಅಧ್ಯಾಯಗಳ ಪಟ್ಟಿಯಷ್ಟೇ ಅಲ್ಲ. ‘ಪರ್ವ’ (1979) ಬರೆಯಲು ಭೈರಪ್ಪನವರಿಗೆ ಗ್ರಂಥಗಳು ಸಾಲಲಿಲ್ಲ. ಕುರುಕ್ಷೇತ್ರ, ದ್ವಾರಕೆ, ಹಿಮಾಲಯದ ಹಳ್ಳಿಗಳನ್ನು ಸುತ್ತಿ ಬಂದರು. ಅಮೆರಿಕದ ಫಾಕ್ನರ್ ‘ಎ ಫೇಬಲ್’ ಕಾದಂಬರಿಯಲ್ಲಿ ಯಾವ ದಿನ ಏನು ನಡೆಯುತ್ತದೆಂದು ಬರೆಯುವ ಕೋಣೆಯ ಗೋಡೆಯ ಮೇಲೇ ಗೀಚಿಟ್ಟರು. ಆ ಗೋಡೆಬರಹ ಇಂದಿಗೂ ಇದೆ.

ನಿಮಗೆ ಒಂದು ನೋಟ್‌ಬುಕ್ ಸಾಕು. ಎಡಕ್ಕೆ ಇಸವಿ, ಮೇಲೆ ಪಾತ್ರಗಳ ಹೆಸರು, ನಡುವಿನ ಮನೆಗಳಲ್ಲಿ ವಯಸ್ಸು. ಅಜ್ಜಿ ಹುಟ್ಟಿದ್ದು 1932 ಎನ್ನಿ. ಹದಿನಾರಕ್ಕೆ ಮದುವೆಯಾದರೆ 1948. ಮಾಘದ ಲಗ್ನವಾದರೆ ಗಾಂಧೀಜಿ ಹತ್ಯೆಯಾಗಿ ಇನ್ನೂ ತಿಂಗಳು ಕಳೆದಿರುವುದೇ ಅನುಮಾನ. ಚಪ್ಪರದಡಿಯ ಮಾತೇ ಬೇರೆಯಾಗುತ್ತದೆ. 1974ರಲ್ಲಿ ಭೂಸುಧಾರಣೆ ಕಾನೂನಿನಿಂದ ಉಳುವವನೇ ಹೊಲದೊಡೆಯನಾದಾಗ ಆಕೆಗೆ 42. ಆ ಮನೆಯವರು ಗೇಣಿ ಕೊಡುತ್ತಿದ್ದರೋ, ತೆಗೆದುಕೊಳ್ಳುತ್ತಿದ್ದರೋ? ನೀವು ಹುಡುಕದೆಯೇ ಒಂದು ಅಧ್ಯಾಯ ಬಂದು ನಿಂತಿತಲ್ಲ!

ಈ ಪಟ್ಟಿ ಇಲ್ಲದೆ ಬರೆದ ನನ್ನ ಮೊದಲ ಹಸ್ತಪ್ರತಿಯಲ್ಲಿ ಸೊಸೆಯೊಬ್ಬಳು ಹದಿಮೂರು ತಿಂಗಳು ಬಸುರಿಯಾಗಿದ್ದಳು. ನಾಲ್ಕು ಸಲ ತಿದ್ದಿದ ನನಗೆ ಕಾಣಲಿಲ್ಲ. ನನ್ನ ಹೆಂಡತಿಗೆ ಒಂದೇ ಓದಿಗೆ ಕಂಡಿತು.

ಆದ್ದರಿಂದ ವಯಸ್ಸಿನ ಪಟ್ಟಿ ಪೆನ್ನಿನಲ್ಲಿರಲಿ, ಅಧ್ಯಾಯಗಳ ಪಟ್ಟಿ ಪೆನ್ಸಿಲ್‌ನಲ್ಲಿ. ಎರಡಕ್ಕೂ ಸೇರಿ ಒಂದು ತಿಂಗಳಿಗಿಂತ ಹೆಚ್ಚು ಕೊಡಬೇಡಿ. ತಯಾರಿಯೇ ಬರವಣಿಗೆ ಎನಿಸತೊಡಗಿದರೆ ಕಾದಂಬರಿ ಅಲ್ಲಿಗೇ ನಿಂತಿತು. ಈ ಭಾನುವಾರ ಊರಿನ ಹಿರಿಯರೊಬ್ಬರ ಪಕ್ಕದಲ್ಲಿ ಕೂತು ಹಳೆಯ ಸಂಗತಿಗಳನ್ನು ಇಸವಿಯೊಂದಿಗೆ ಕೇಳಿ ಬರೆದುಕೊಳ್ಳಿ. ಇಸವಿ ನೆನಪಿಲ್ಲ ಎಂದರೆ, ಆಗ ಮನೆಯಲ್ಲಿ ಯಾರ ಬಾಣಂತನ ನಡೆಯುತ್ತಿತ್ತು ಎಂದು ಕೇಳಿ. ಅದು ಖಂಡಿತ ನೆನಪಿರುತ್ತದೆ.