ಹುಳುಕಿಲ್ಲದ ಹಲ್ಲು ಏಕೆ ಉದುರುತ್ತದೆ? – ಹಿರೇಬೆಂಡಿಗೇರಿಯಲ್ಲಿ ಮಾಡಿದ ಒಂದು ಪಾಠ

ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ 8ನೆಯ ತರಗತಿಗೆ ನಾನು ಮಾಡಿದ ಪಾಠವಿದು. ಪೂರ್ವಜ್ಞಾನ ಅರಿಯಲು ಕೇಳಿದ್ದು ಒಂದೇ ಪ್ರಶ್ನೆ: ದೊಡ್ಡವರ ಹಲ್ಲು ಏಕೆ ಬೀಳುತ್ತವೆ? ಉತ್ತರಗಳು ಎರಡು: ಹುಳ ತಿನ್ನುತ್ತದೆ, ವಯಸ್ಸಾಗುತ್ತದೆ. ಹುಳುಕೇ ಇಲ್ಲದ ಹಲ್ಲು ಬೇರುಸಮೇತ ಕೈಗೆ ಬಂದದ್ದನ್ನು ಮನೆಯಲ್ಲಿ ಯಾರಾದರೂ ನೋಡಿದ್ದೀರಾ ಎಂದು ಮರುಪ್ರಶ್ನೆ ಹಾಕಿದೆ. ಹಲವು ಕೈಗಳು ಮೇಲೆದ್ದವು. ಎರಡೂ ಉತ್ತರಗಳು ಸಾಲವು ಎಂದು ಮಕ್ಕಳಿಗೇ ಹೊಳೆಯಿತು.

ಬೋಧನೋಪಕರಣವಾಗಿ ಬಳಸಿದ್ದು ಒಂದು ಅಗಲ ಕುಂಡ, ಹೊಲದ ಎರೆಮಣ್ಣು, ಒಂದು ಗೂಟ. ಮಣ್ಣು ದವಡೆಯ ಎಲುಬು, ಗೂಟ ಹಲ್ಲು, ಮೇಲೆ ಹೊದಿಸಿದ ಒದ್ದೆ ಬಟ್ಟೆ ಒಸಡು. ಬಟ್ಟೆಯ ಅಂಚನ್ನು ಸಡಿಲಿಸಿ, ಗೂಟದ ಬುಡಕ್ಕೆ ಸಣ್ಣಗೆ ನೀರು ಬಿಟ್ಟಂತೆ ಮಣ್ಣು ಕರಗಿತು. ಗೂಟಕ್ಕೆ ಏನೂ ಆಗಿರಲಿಲ್ಲ, ಆದರೂ ಅಲುಗಾಡಿತು. ಈ ಹೋಲಿಕೆಗೆ ಒಂದು ಮಿತಿಯಿದೆ, ಅದನ್ನು ಮಕ್ಕಳಿಗೆ ಹೇಳಲೇಬೇಕು: ನಿಜವಾದ ಹಲ್ಲು ಎಲುಬಿಗೆ ನೇರವಾಗಿ ಅಂಟಿರುವುದಿಲ್ಲ, ನಡುವೆ ಸೂಕ್ಷ್ಮ ತಂತುಗಳು ಹಿಡಿದಿರುತ್ತವೆ. ಎಲುಬನ್ನು ಕರಗಿಸುವುದು ನೀರೂ ಅಲ್ಲ. ಹಲ್ಲಿನ ಮೇಲಿನ ಅಂಟು ಪದರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳ ವಿರುದ್ಧ ದೇಹ ಹೂಡುವ ಉರಿಯೂತವೇ ತಂತುಗಳನ್ನೂ ಎಲುಬನ್ನೂ ಸವೆಸುತ್ತದೆ. ತೆಗೆಯದೆ ಬಿಟ್ಟ ಪದರ ಜೊಲ್ಲಿನ ಲವಣ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಅದಕ್ಕೆ ಬ್ರಷ್ ಸಾಲದು, ದಂತವೈದ್ಯರೇ ಕೆರೆದು ತೆಗೆಯಬೇಕು. ಆರೋಗ್ಯವಂತ ಒಸಡು ಮತ್ತು ಹಲ್ಲಿನ ನಡುವಿನ ಸಂದು 1ರಿಂದ 3 ಮಿಲಿಮೀಟರ್. ರೋಗ ಬೆಳೆದಂತೆ ಅದು ಆಳದ ಜೇಬಾಗುತ್ತದೆ, ಅಲ್ಲಿಗೆ ಯಾವ ಬ್ರಷ್ಷೂ ತಲುಪದು.

ವಿವರಣೆಯ ಹಂತದಲ್ಲಿ ಒಬ್ಬ ಹುಡುಗಿ ಕೇಳಿದಳು: 'ರಕ್ತ ಬಂದ್ರ ತಿಕ್ಕೂದು ಬಿಡಬೇಕಲ್ರೀ ಸರ್?' ಇಡೀ ಪಾಠದ ಕೀಲಿ ಈ ಪ್ರಶ್ನೆ. ನೋವಿಲ್ಲದ ಈ ರೋಗ ಕೊಡುವ ಮೊದಲ ಎಚ್ಚರಿಕೆಯೇ ರಕ್ತ. ಜನ ಅದಕ್ಕೆ ಹೆದರಿ ತಿಕ್ಕುವುದನ್ನು ನಿಲ್ಲಿಸುತ್ತಾರೆ, ರೋಗ ಇನ್ನೂ ಬೆಳೆಯುತ್ತದೆ. ಉತ್ತರವಾಗಿ 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಹೇಳಿದೆ. ಆರೋಗ್ಯವಂತ 12 ಜನ ಹಲ್ಲುಜ್ಜುವುದನ್ನು ಬಿಟ್ಟರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ವಾಸಿಯಾಯಿತು. ಎಲುಬು ಸವೆಯುವ ಮೊದಲಾದರೆ ರೋಗ ಹಿಂದಿರುಗುತ್ತದೆ.

ಸವಣೂರು ಎಲೆಗೆ ಹೆಸರಾದ ಸೀಮೆಯಿದು, ಎಲೆಯ ಜೊತೆ ತಂಬಾಕೂ ಬಾಯಿಗೆ ಸೇರುತ್ತದೆ. ಹಿರಿಯರನ್ನು ದೂರುವಂತೆ ಕೇಳಿಸದಂತೆ ಇದನ್ನು ಹೇಳುವುದು ತರಬೇತಿ ಶಿಕ್ಷಕರಿಗೆ ಕಷ್ಟ. ನಾನು ಎಲೆಯನ್ನು ಬಿಟ್ಟು ತಂಬಾಕನ್ನಷ್ಟೇ ಎತ್ತಿಕೊಂಡೆ. ಸೇದುವ ತಂಬಾಕು ಒಸಡಿನ ರಕ್ತಸ್ರಾವವನ್ನೇ ಮರೆಮಾಚುತ್ತದೆ, ಜಗಿಯುವುದು ಇಟ್ಟ ಜಾಗದಲ್ಲೇ ಒಸಡನ್ನು ಕೆಳಗಿಳಿಸುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಒಸಡಿನ ರೋಗವನ್ನು ಉಲ್ಬಣಿಸುತ್ತದೆ.

'ನಮ್ಮವ್ವನ ಹಲ್ಲು ಅಲುಗಾಡ್ತಾವು, ಗಟ್ಟಿ ಆಗ್ತಾವೇನ್ರೀ?' ಎಂದು ಇನ್ನೊಬ್ಬ ಕೇಳಿದ. ಸವೆದ ಎಲುಬು ತಾನಾಗಿ ಮರಳದು, ಆದರೆ ಚಿಕಿತ್ಸೆಯಿಂದ ಸವೆತವನ್ನು ಅಲ್ಲಿಗೇ ತಡೆಯಬಹುದು, ಎಷ್ಟೋ ಹಲ್ಲು ಉಳಿಸಬಹುದು ಎಂದೆ. ಹುಸಿ ಭರವಸೆ ಬೇಡವೆನಿಸಿತು. ಧಾರವಾಡದ ಸತ್ತೂರಿನಲ್ಲಿ ದಂತ ಕಾಲೇಜು ಇರುವುದನ್ನು ಅವನು ಬರೆದುಕೊಂಡ.

ಮೌಲ್ಯಮಾಪನಕ್ಕೆ ಚಿತ್ರ ಬರೆಸಿದೆ: ನಿಮ್ಮ ಹಾಲುಹಲ್ಲು ಬಿದ್ದದ್ದಕ್ಕೂ ಅಜ್ಜಿಯ ಹಲ್ಲು ಬಿದ್ದದ್ದಕ್ಕೂ ಇರುವ ವ್ಯತ್ಯಾಸ ತೋರಿಸಿ. ಮೊದಲನೆಯದರಲ್ಲಿ ಬೇರು ಕರಗಿರಬೇಕು, ಎರಡನೆಯದರಲ್ಲಿ ಬೇರು ಹಾಗೇ ಇದ್ದು ಸುತ್ತಲ ಎಲುಬು ಇಳಿದಿರಬೇಕು.