ಹೊಸ ಮೂತ್ರಪಿಂಡ, ತಗ್ಗಿದ ಕಾವಲು

ನಮ್ಮ ರಕ್ತದ ಬಿಳಿಯ ಕಣಗಳು ಹೊಲ ಕಾಯುವವನಂತೆ ಪರಕೀಯವಾದುದನ್ನೆಲ್ಲ ಅಟ್ಟುತ್ತವೆ. ರೋಗಾಣುವೂ ಅವಕ್ಕೆ ಪರಕೀಯವೇ. ಅನ್ಯರು ದಾನವಿತ್ತ ಮೂತ್ರಪಿಂಡವೂ ಪರಕೀಯವೇ. 1954ರಲ್ಲಿ ಬಾಸ್ಟನ್ನಿನಲ್ಲಿ ಯಶಸ್ವಿಯಾದ ಕಸಿಯಲ್ಲಿ ದಾನಿಯೂ ರೋಗಿಯೂ ಏಕರೂಪದ ಅವಳಿಗಳಾಗಿದ್ದುದರಿಂದ ಈ ತೊಡಕು ಬರಲಿಲ್ಲ. ಉಳಿದವರಿಗೆ ಟ್ಯಾಕ್ರೋಲಿಮಸ್, ಮೈಕೊಫೆನೊಲೇಟ್, ಪ್ರೆಡ್ನಿಸೊಲೋನ್ ಮೊದಲಾದ ಔಷಧಗಳಿಂದ ಕಾವಲನ್ನೇ ತಗ್ಗಿಸಬೇಕಾಗುತ್ತದೆ.

ಕಾವಲು ತಗ್ಗಿದೊಡನೆ ರೋಗಾಣುಗಳಿಗೂ ದಾರಿ ತೆರೆಯುತ್ತದೆ. ಮೊದಲ ತಿಂಗಳಲ್ಲಿ ಶಸ್ತ್ರಕ್ರಿಯೆಯ ಗಾಯದ ಮತ್ತು ಮೂತ್ರಮಾರ್ಗದ ಸೋಂಕುಗಳು ಹೆಚ್ಚು. ಅನಂತರ ಆರನೆಯ ತಿಂಗಳವರೆಗೆ, ಒಡಲಲ್ಲಿ ಸುಪ್ತವಾಗಿದ್ದ ಸೈಟೊಮೆಗಲೊ ವೈರಸ್ಸಿನಂಥವು ತಲೆಯೆತ್ತಬಹುದು. ನಮ್ಮ ದೇಶದಲ್ಲಿ ಕ್ಷಯದ ಭಯವೂ ಉಂಟು.

ಔಷಧ ಹೆಚ್ಚಾದರೆ ಸೋಂಕು, ಕಡಿಮೆಯಾದರೆ ಕಸಿಯ ತಿರಸ್ಕಾರ. ಈ ತಕ್ಕಡಿಯನ್ನು ಸಮನಾಗಿಡಲು ರಕ್ತದಲ್ಲಿನ ಟ್ಯಾಕ್ರೋಲಿಮಸ್ಸನ್ನು ಅಳೆಯುತ್ತಾರೆ. ಒಂದು ಮಿಲಿಲೀಟರು ರಕ್ತದಲ್ಲಿ ಅದು ಕೆಲವೇ ನ್ಯಾನೊಗ್ರಾಂ ಇರುತ್ತದೆ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು!

ಕಸಿಯ ಬಳಿಕ ಘಟಪ್ರಭೆಯ ತೀರದ ದಡ್ಡಿಯಂಥ ಊರಿಗೆ ಮರಳಿದವರು ನೀರನ್ನು ಕುದಿಸಿ ಆರಿಸಿ ಕುಡಿಯಬೇಕು. ಬೂಷ್ಟು ಹಿಡಿದ ಹುಲ್ಲು, ತಿಪ್ಪೆಯ ಗೊಬ್ಬರಗಳಿಂದ ದೂರವಿರಬೇಕು. ಜ್ವರವೂ ದೇಹದ ಕಾವಲಿನ ಕಾರ್ಯವೇ ಆದ್ದರಿಂದ, ಇವರಲ್ಲಿ ಘೋರ ಸೋಂಕು ಸಹ ಅಲ್ಪ ಜ್ವರವಾಗಿ ತೋರಬಹುದು. ಅಂದೇ ವೈದ್ಯರನ್ನು ಕಾಣುವುದು ಲೇಸು. ಆದರೆ ಸೋಂಕಿಗಂಜಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ, ದಾನಿಯು ಕೊಟ್ಟ ಮೂತ್ರಪಿಂಡವೇ ನಷ್ಟವಾದೀತು ಎಂಬುದನ್ನು ನಾವು ಮರೆಯಬಾರದು.